ಗುಳಿಗೆಯ ಧೈರ್ಯ

ಮಲಗಿದರೆ ಗಂಟಲಿಗೆ ಹುಳಿನೀರು ಬರುತ್ತಿತ್ತು. ಅದಕ್ಕೇ ಕುರ್ಚಿಯಲ್ಲಿ ಒರಗಿ ನಿದ್ದೆ ಮಾಡತೊಡಗಿದ್ದೆ. ಮನೆಯಲ್ಲಿ ಹೇಳಿದ್ದು ಬೆನ್ನುನೋವು ಅಂತ.

ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ರಾತ್ರಿ ಪಾಳಿ ನನ್ನದು. ಸಂಜೆ ಗಿರಮಿಟ್ಟು, ಮಿರ್ಚಿ. ಪುಟ ಮುಗಿಸಿ ನಡುರಾತ್ರಿ ಮನೆಗೆ ಬಂದ ಮೇಲೆ ರೊಟ್ಟಿ, ಎಣ್ಣೆಗಾಯಿ, ಮೇಲಿಷ್ಟು ಅನ್ನ. ಉರಿ ಎದ್ದಾಗ ಒಂದು ಪ್ಯಾಂಟೊಪ್ರಜೋಲ್. ಚೀಟಿ ಕೇಳದೆ ಅಂಗಡಿಯವನು ಪಟ್ಟಿಗಟ್ಟಲೆ ಕೊಡುತ್ತಿದ್ದ. ಗುಳಿಗೆ ಇದೆಯಲ್ಲ ಎಂಬ ಧೈರ್ಯಕ್ಕೆ ಇನ್ನೊಂದು ಮಿರ್ಚಿ ಒಳಗೆ ಹೋಗುತ್ತಿತ್ತು.

ತಮಾಷೆಯೆಂದರೆ ಭಾನುವಾರದ ಆರೋಗ್ಯ ಪುಟವನ್ನೂ ನಾನೇ ನೋಡುತ್ತಿದ್ದೆ. ವೈದ್ಯರೊಬ್ಬರ ಲೇಖನದಲ್ಲಿ 'ಊಟಕ್ಕೆ ಅರ್ಧ ಗಂಟೆ ಮೊದಲು' ಎಂಬ ಸಾಲನ್ನು ಜಾಗ ಸಾಲದೆ ಹಾರಿಸಿದವನೂ ನಾನೇ. ಆಮ್ಲ ಸುರಿಸುವ ಪಂಪುಗಳು ಚುರುಕಾಗುವುದು ಉಣ್ಣುವಾಗ. ಅಷ್ಟರೊಳಗೆ ಔಷಧಿ ರಕ್ತದಲ್ಲಿರಬೇಕು. ನಾನು ಬೆಂಕಿ ಹತ್ತಿದ ಮೇಲೆ ನುಂಗುತ್ತಿದ್ದೆ.

ಎದೆಯುರಿ ಹೇಗೋ ತಡೆಯಬಹುದಿತ್ತು. ಕಾಡಿದ್ದು ಉಳಿದವು. ಬೆಳಿಗ್ಗೆ ದನಿ ಒಡೆದಿರುತ್ತಿತ್ತು, ಫೋನಿನಲ್ಲಿ ಮಾತಾಡುವಾಗ ಒಣಕೆಮ್ಮು. ನಿದ್ದೆಗೆಟ್ಟು ಶೀರ್ಷಿಕೆಗಳಲ್ಲಿ ತಪ್ಪು, ತಪ್ಪು ತೋರಿಸಿದವರ ಮೇಲೆ ಸಿಡುಕು. ಒಂದು ಮದುವೆಯಲ್ಲಿ ಉಂಡೆದ್ದು ಹಿರಿಯರ ಕಾಲು ಮುಟ್ಟಲು ಬಗ್ಗಿದೆ. ಹೊಟ್ಟೆಯಲ್ಲಿದ್ದ ಸಾರು ಮೂಗಿನವರೆಗೆ ಬಂತು. ಕಣ್ಣಲ್ಲಿ ನೀರು. ಅವರು ಭಕ್ತಿಯೆಂದುಕೊಂಡು ತಲೆ ಸವರಿದರು. ಆಮೇಲೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟೆ.

ಕೊನೆಗೆ ಒಂದು ರಾತ್ರಿ ಎದೆ ಹಿಡಿದುಕೊಂಡಿತು. ಇಸಿಜಿ ಸರಿಯಿತ್ತು. ಆದರೂ ವೈದ್ಯರು ಬೈದರು: ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ತೀರ್ಮಾನ ಮಾಡುವಂತಿಲ್ಲ, ಮೊದಲು ಹೃದಯ ನೋಡಬೇಕು. ಮರುವಾರ ಎಂಡೋಸ್ಕೊಪಿ. ಗಂಟಲಿಗೆ ಕಹಿ ಸ್ಪ್ರೇ ಹೊಡೆದು, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಉಂಗುರ ಸಿಕ್ಕಿಸಿ, ಎಡಮಗ್ಗುಲಾಗಿ ಮಲಗಿಸಿದರು. ವರದಿಯಲ್ಲಿ 'ಲಾಸ್ ಏಂಜಲೀಸ್ ಬಿ' ಎಂದಿತ್ತು. ಎ ಯಿಂದ ಡಿ ವರೆಗಿನ ಶ್ರೇಣಿಯಲ್ಲಿ ಎರಡನೆಯದು. ಅನ್ನನಾಳದಲ್ಲಿ 5 ಮಿಲಿಮೀಟರಿಗಿಂತ ಉದ್ದದ ಹುಣ್ಣು.

"ಉಂಡು ಎಷ್ಟೊತ್ತಿಗೆ ಮಕ್ಕೋತೀರಿ?" ಕೇಳಿದರು.

"ಕೈ ಒಣಗೋದರೊಳಗ."

"ಮತ್ತ ಗುಳಿಗಿ ಏನ್ ಮಾಡತೈತ್ರಿ ಪಾಪ!"

ಗುಳಿಗೆ ಆಮ್ಲವನ್ನು ಕಡಿಮೆ ಮಾಡುತ್ತದೆ, ಮೇಲೇರುವುದನ್ನು ತಡೆಯುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವಲ್ಲಿರುವ ಸ್ನಾಯುವಿನ ಬಿಗಿತ ಸಡಿಲವಾದಾಗ, ತುಂಬಿದ ಹೊಟ್ಟೆಯಲ್ಲಿ ಅಡ್ಡಾದವನ ಗಂಟಲಿಗೆ ಅದು ಬಂದೇ ಬರುತ್ತದೆ. ಇಷ್ಟನ್ನು ನಾನೇ ಎಷ್ಟೋ ಸಲ ಅಚ್ಚಿಗೆ ಕಳಿಸಿದ್ದೆ.

ಈಗ ಎಂಟಕ್ಕೇ ಆಫೀಸಿನಲ್ಲಿ ಡಬ್ಬಿ ಬಿಚ್ಚುತ್ತೇನೆ. ತಲೆದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಇನ್ನಷ್ಟು ಒತ್ತುತ್ತದೆಂದು, ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಿದ್ದೇವೆ. ಹೆಂಡತಿ ರಾತ್ರಿಯೆಲ್ಲ ಕಾಲುಕಡೆ ಜಾರುತ್ತೇನೆಂದು ಗೊಣಗುತ್ತಾಳೆ. ಗುಣವಾದ ಹುಮ್ಮಸ್ಸಿನಲ್ಲಿ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದಾಗ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕಿತು, ಹಾಗೆ ಆಗುವುದುಂಟಂತೆ. ಈಗ ವೈದ್ಯರು ಹೇಳಿದಂತೆ 40 ಮಿಲಿಗ್ರಾಮಿನಿಂದ 20ಕ್ಕೆ ಇಳಿದಿದ್ದೇನೆ. ಮತ ಎಣಿಕೆಯ ರಾತ್ರಿಗಳಲ್ಲಿ ಮಾತ್ರ ಈ ಶಿಸ್ತೆಲ್ಲ ಹಳ್ಳ ಹಿಡಿಯುತ್ತದೆ.