ಸಮಡೋಳಿಯ ಚಳಿ ಮತ್ತು ಉಲನ್ ಕೈಗವಸು

ಸಮಡೋಳಿ ಎಂದೊಡನೆ ನಮ್ಮ ಸಮಾಜದವರಿಗೆ ನೆನಪಾಗುವುದು 1924ನೇ ಇಸವಿ. ಪರಮಪೂಜ್ಯ ಶಾಂತಿಸಾಗರ ಮಹಾರಾಜರಿಗೆ ಆಚಾರ್ಯ ಪದವಿ ಪ್ರಾಪ್ತವಾದದ್ದು ಆ ವರ್ಷ, ಇದೇ ಊರಲ್ಲಿ. ಮಿರಜ ತಾಲೂಕಿನ ಈ ಊರು ಸಾಂಗಲಿಗೆ ಹತ್ತಿರ, ವಾರಣಾ ನದಿಯ ಸೀಮೆಯದು. ದಾರಿಯ ಎರಡೂ ಬದಿಗೆ ಕಬ್ಬು.

ನಾವು ವ್ಯಾಪಾರಕ್ಕೆಂದು ಸಾಂಗಲಿಯ ಅರಿಷಿಣ ಪೇಟೆಗೆ ಬಂದಾಗಲೆಲ್ಲ ಸಮಡೋಳಿಯ ಅಕ್ಕನ ಮನೆಗೆ ಹೋಗಿಬರುವ ರೂಢಿ. ಈ ಸಲ ಹೋದಾಗ ಚಳಿ ಹತ್ತು ದಿನದಿಂದ ಬಿಟ್ಟಿರಲಿಲ್ಲ. ಉತ್ತರದ ಒಣಗಾಳಿ ಬೀಸಿ, ಆಕಾಶದಲ್ಲಿ ಮೋಡವಿಲ್ಲದಿದ್ದರೆ ಹಗಲಿನ ಕಾವೆಲ್ಲ ರಾತ್ರಿ ಹಾರಿಹೋಗುತ್ತದೆ. ನೀರುಂಡ ಕಬ್ಬಿನ ಹೊಲಗಳ ನಡುವೆ ಬೆಳಗಿನ ಥಂಡಿ ಇನ್ನೂ ಹೆಚ್ಚು.

ಅಕ್ಕ ಅಂಗಳದ ಎಳೆಬಿಸಿಲಿಗೆ ಕುಳಿತು ಸಣ್ಣ ಕೈಗವಸು ಹೆಣೆಯುತ್ತಿದ್ದಳು.

"ಯಾರಿಗ ಇವು ಅಕ್ಕಾ? ಮನ್ಯಾಗ ಸಣ್ಣ ಕೂಸ ಇಲ್ಲಲ್ಲ?" ಎಂದೆವು.

"ನಮ್ಮ ಮನ್ಯಾಗ ಇಲ್ಲ ತಮ್ಮಾ. ಕಬ್ಬಿನ ಟೋಳ್ಯಾಗ ಅದಾವು" ಎಂದಳು.

ದೀಪಾವಳಿಯ ಸುಮಾರಿಗೆ ಬೀಡ ಮೊದಲಾದ ಮರಾಠವಾಡಾದ ಜಿಲ್ಲೆಗಳಿಂದ ಕಬ್ಬು ಕಡಿಯುವವರು ಈ ಕಡೆ ಬರುತ್ತಾರೆ. ಗಂಡಹೆಂಡಿರನ್ನು ಕೂಡಿಸಿ ಒಂದು 'ಕೋಯ್ತಾ' ಎಂದು ಲೆಕ್ಕ. ಮುಕಾದಮನಿಂದ ಮುಂಗಡ ಪಡೆದಿರುತ್ತಾರೆ, ದುಡಿದು ತೀರಿಸಬೇಕು. ಊರ ಹೊರಗೆ ಗುಡಿಸಲು ಹಾಕಿಕೊಂಡು, ಸೂರ್ಯ ಮೂಡುವ ಮೊದಲೇ ಹೊಲಕ್ಕೆ ಇಳಿಯುತ್ತಾರೆ. ಕೂಸನ್ನು ನೋಡುವವರು ಗುಡಿಸಲಲ್ಲಿ ಇರದಿದ್ದರೆ ಅದೂ ತಾಯಿಯ ಜೊತೆಗೆ ಬಂದು ಬದುವಿನ ಮೇಲೆ ಮಲಗುತ್ತದೆ.

ಹೆಣಿಗೆ ಕಠಿಣವಲ್ಲ. ಹಸುಗೂಸಿನ ಕೈಗವಸಿಗೆ ಹೆಬ್ಬೆರಳು ಬೇಡ, ಸಣ್ಣ ಚೀಲವಾದರೆ ಸಾಕು. ಅಕ್ಕ 10 ನಂಬರಿನ ಎರಡು ಸೂಜಿಯಲ್ಲಿ 32 ಕುಣಿಕೆ ಹಾಕುತ್ತಾಳೆ. ಒಂದು ಸುಲಟ, ಒಂದು ಉಲಟದಂತೆ ಒಂದೂವರೆ ಇಂಚು ಮಣಿಕಟ್ಟಿನ ಪಟ್ಟಿ. ಮುಂದೆ ಸಾದಾ ಹೆಣಿಗೆ ಎರಡೂವರೆ ಇಂಚು. ಆಮೇಲೆ ಕುಣಿಕೆ ಕಡಿಮೆ ಮಾಡುತ್ತ ಬಂದು, ತುದಿ ಬಿಗಿದು, ಬದಿ ಹೊಲಿಯುವುದು. ಮುಗಿದ ಮೇಲೆ ಒಳಮೈ ಹೊರಗೆ ತಿರುವಿ, ಬಿಟ್ಟ ಎಳೆಗಳನ್ನು ಕತ್ತರಿಸುತ್ತಾಳೆ. ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಅಪಾಯ.

ಧನಗರರ ಕುರಿಯ ಉಣ್ಣೆ ಕಂಬಳಿಗೆ ಉತ್ತಮ, ಆದರೆ ಎಳೆಯ ಚರ್ಮಕ್ಕೆ ಚುಚ್ಚುತ್ತದೆ. ಪೇಟೆಯ ಉಲನ್ ಮೆತ್ತಗಿರುತ್ತದೆ. ಅದರಲ್ಲಿ ಅಕ್ರಿಲಿಕ್ ಇದ್ದರೆ ಬೆಂಕಿಗೆ ಕರಗಿ ಮೈಗೆ ಅಂಟುವುದರಿಂದ, ಒಲೆಯ ಹತ್ತಿರ ಬಿಚ್ಚಿಡಬೇಕೆಂದು ಅಕ್ಕ ಪ್ರತಿಯೊಬ್ಬ ತಾಯಿಗೂ ಹೇಳುತ್ತಾಳೆ.

ಸಂಜೆ ನಾವೂ ಅಕ್ಕನ ಜೊತೆ ಟೋಳಿಯ ಕಡೆಗೆ ಹೋದೆವು. ಇಪ್ಪತ್ತು ವರ್ಷವೂ ತುಂಬಿರದ ಒಬ್ಬ ತಾಯಿ ಕೈಗವಸುಗಳನ್ನು ತಿರುಗಿಸಿ ನೋಡಿದಳು. ಕೂಸಿಗೆ ತೊಡಿಸಲಿಲ್ಲ. ಇದನ್ನು ಮುಕಾದಮನ ಲೆಕ್ಕದಲ್ಲಿ ಬರೆಯುತ್ತಾರೇನು ಎಂದು ಮರಾಠಿಯಲ್ಲಿ ಕೇಳಿದಳು. ಲೆಕ್ಕ ಬರೆದೇ ನಮ್ಮ ತಲೆ ಬೆಳ್ಳಗಾಗಿದೆ. ಆದರೂ ಬಾಯಿಗೆ ಮಾತು ಬರಲಿಲ್ಲ. ಯಾವ ಲೆಕ್ಕವೂ ಇಲ್ಲ ಎಂದು ಅಕ್ಕನೇ ಹೇಳಿ ಕೂಸನ್ನು ಎತ್ತಿಕೊಂಡಳು. ಕೈ ಕಬ್ಬಿಣದಂತೆ ತಣ್ಣಗಿತ್ತಂತೆ.

ಇಪ್ಪತ್ತೆರಡು ಪರೀಷಹಗಳಲ್ಲಿ ಶೀತವೂ ಒಂದು. ಮುನಿಗಳು ಅದನ್ನು ತಾವಾಗಿಯೇ ಸಹಿಸುತ್ತಾರೆ. ಆದ್ದರಿಂದ ಅದು ತಪಸ್ಸು. ಆ ತಪಸ್ಸಿಗೆ ಸಮಡೋಳಿ ಕೈಮುಗಿದ ಊರು. ಆದರೆ ಬದುವಿನ ಮೇಲಿನ ಕೂಸು ಯಾವ ವ್ರತವನ್ನೂ ತೆಗೆದುಕೊಂಡಿಲ್ಲ. ಅದು ಸಹಿಸುವ ಚಳಿ ಬರೀ ಕಷ್ಟ. ಆ ಕಬ್ಬಿನ ಸಕ್ಕರೆ ಮಾರುವ ನಾವು, ಉಣ್ಣುವ ನಾವು, ಅದನ್ನು ನೋಡಿಯೂ ಸುಮ್ಮನಿರುವುದು ದಯೆಯ ಧರ್ಮಕ್ಕೆ ಒಪ್ಪುವುದಿಲ್ಲ.

ಒಂದು ಜೊತೆ ಕೈಗವಸಿನಿಂದ ಅವರ ಮುಂಗಡ ತೀರದು, ಗುಡಿಸಲು ಮನೆಯಾಗದು. ಆ ಕೆಲಸ ದೊಡ್ಡದು, ಸರಕಾರ ಮತ್ತು ಕಾರಖಾನೆಗಳು ಮಾಡಬೇಕಾದದ್ದು. ಆದರೆ ಚಳಿ ಅಲ್ಲಿಯವರೆಗೆ ಕಾಯುವುದಿಲ್ಲ. ನಮ್ಮ ಮನೆಗಳ ಟ್ರಂಕುಗಳಲ್ಲಿ ಸ್ವೆಟರ್ ಹೆಣೆದು ಉಳಿದ ಉಂಡೆಗಳು ಬಿದ್ದಿರುತ್ತವೆ. ಹೆಣಿಗೆ ಬಲ್ಲ ಅಜ್ಜಿಯಂದಿರೂ ಇದ್ದಾರೆ. ಮೊಮ್ಮಕ್ಕಳು ಅವರ ಪಕ್ಕದಲ್ಲಿ ಕುಳಿತರೆ ನಾಲ್ಕು ದಿನದಲ್ಲಿ ಕಲಿಯುತ್ತಾರೆ. ಕೈಗವಸಿನ ಜೊತೆಗೆ ಒಂದು ಕುಲಾವಿಯಾದರೆ ಇನ್ನೂ ಒಳ್ಳೆಯದು.

ಬರುವ ದೀಪಾವಳಿಗೆ ಟೋಳಿಗಳು ಬಂದಿಳಿಯುವ ಮೊದಲೇ ತಯಾರಿರಲಿ. ಕೊಡುವಾಗ, ಇದಕ್ಕೆ ಲೆಕ್ಕವಿಲ್ಲ ಎಂದು ಮೊದಲು ಹೇಳಿ, ಆಮೇಲೆ ಕೊಡಿರಿ.