ಜಗಲಿಯ ಕಾಟಿ

ನನ್ನ ತವರು ಮೂಡಿಗೆರೆ ಕಡೆ. ಅಲ್ಲಿಯ ಮನೆಯ ಜಗಲಿಯಲ್ಲಿ, ಗಡಿಯಾರದ ಪಕ್ಕಕ್ಕೆ ಒಂದು ಕಾಟಿಯ ತಲೆ ಇತ್ತು. ಕಾಟಿ ಎಂದರೆ ಕಾಡುಕೋಣ. ಅಜ್ಜ 1956ರಲ್ಲಿ ಹೊಡೆದದ್ದು. ಆಗ ಲೈಸೆನ್ಸ್ ಪಡೆದು ಶಿಕಾರಿ ಮಾಡಬಹುದಿತ್ತು. ಚರ್ಮಕ್ಕೆ ಉಪ್ಪು ಸವರಿ, ಕೊಂಬಿನ ಸಮೇತ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೆ ಕಳಿಸಿ ತಲೆ ಮಾಡಿಸಿ ತಂದಿದ್ದರಂತೆ. 1900ರ ಸುಮಾರಿಗೆ ಶುರುವಾಗಿ 1999ರಲ್ಲಿ ಮುಚ್ಚಿದ ಆ ಕಾರ್ಖಾನೆಗೆ ರಾಜಮಹಾರಾಜರೇ ಗಿರಾಕಿಗಳು. ಅವರ ಹುಲಿಗಳು ಅರಮನೆ ಸೇರಿದವು. ನಮ್ಮ ಕಾಟಿ ಮಾತ್ರ ಜಗಲಿಯಲ್ಲಿ ಕಾಫಿಬೀಜ ಆರಿಸುವವರನ್ನು ಗಾಜಿನ ಕಣ್ಣಿನಿಂದ ನೋಡುತ್ತಾ ಇತ್ತು.

ಅಜ್ಜ ಹೋದ ಮೇಲೆ ಶಿಕಾರಿಯ ಕತೆ ಹೇಳುವ ಹಕ್ಕು ಅಪ್ಪಯ್ಯನಿಗೆ ಬಂತು. ಕಾಟಿ ತಲೆ ತಗ್ಗಿಸಿ ನುಗ್ಗಿ ಬಂದದ್ದು, ಅಜ್ಜ ಅಲುಗಾಡದೆ ನಿಂತು ಎದುರಿನಿಂದಲೇ ಗುಂಡು ಹಾರಿಸಿದ್ದು. ನಾನು ಚಿಕ್ಕವಳಿದ್ದಾಗ ಇಪ್ಪತ್ತು ಮಾರು ದೂರದಲ್ಲಿದ್ದ ಕಾಟಿ, ನನ್ನ ಬಿ.ಎಡ್. ಮುಗಿಯುವ ಹೊತ್ತಿಗೆ ಐದು ಮಾರಿನ ಹತ್ತಿರ ಬಂದಿತ್ತು! ಆಯುಧಪೂಜೆಯ ದಿನ ಅಮ್ಮ ಕೋವಿಗೆ ಕುಂಕುಮ ಇಟ್ಟು, ಸ್ಟೂಲು ಹತ್ತಿ ಕಾಟಿಯ ಹಣೆಗೂ ಒಂದು ಬೊಟ್ಟು ಇಡುತ್ತಿದ್ದಳು. ಕೊಂದವರ ಮನೆಯಲ್ಲೇ ಅದಕ್ಕೆ ಪೂಜೆ.

1992ರ ಮಳೆಗಾಲದಲ್ಲಿ ಅದಕ್ಕೆ ಹುಳ ಬಿತ್ತು. ಕೆಳಗೆ ಕೂತವರ ತಲೆಯ ಮೇಲೆ ಕೂದಲು ಉದುರತೊಡಗಿತು. ಮೈಸೂರಿಗೆ ಸಾಗಿಸುವ ಖರ್ಚಿಗೆ ಹೆದರಿ ಅಪ್ಪಯ್ಯ, ಪೇಟೆಯಲ್ಲಿ ಈ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಆರುನೂರು ರೂಪಾಯಿ ಮುಂಗಡದ ಜೊತೆ ಅದನ್ನು ಒಪ್ಪಿಸಿ ಬಂದರು. ನಾಳೆ, ನಾಡಿದ್ದು ಎಂದು ಒಂದೂವರೆ ವರ್ಷ ಕಳೆದ ಮೇಲೆ ಗೋಣಿ ಸುತ್ತಿದ ತಲೆ ಜೀಪಿನಲ್ಲಿ ಬಂತು. ಗೋಣಿ ಬಿಚ್ಚಿದ ಅಮ್ಮ, "ಇದು ನಮ್ಮ ಕಾಟಿ ಅಲ್ಲ ಕಣೇ" ಎಂದಳು.

ನಿಜ. ನಮ್ಮದಕ್ಕೆ ಎಡಗೊಂಬಿನ ತುದಿ ಮುಕ್ಕಾಗಿತ್ತು. ಇದರದ್ದು ಎರಡೂ ನೆಟ್ಟಗಿದ್ದವು. ಅಪ್ಪಯ್ಯನಿಗೆ ಜಗಳ ಎಂದರೆ ಆಗದು, "ಇರಲಿ ಬಿಡು, ಚೆನ್ನಾಗೇ ಇದೆಯಲ್ಲ" ಎಂದರು. ಆದರೆ ಅದು ಚೆಂದದ ಪ್ರಶ್ನೆಯಾಗಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಪ್ಪಯ್ಯ ಅರಣ್ಯ ಇಲಾಖೆಯಿಂದ ಮಾಲೀಕತ್ವದ ಪ್ರಮಾಣಪತ್ರ ಮಾಡಿಸಿ, ತೋಟದ ಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದರು. ಅದರಲ್ಲಿ ಕೊಂಬಿನ ಅಳತೆ ಬರೆದಿತ್ತು. ಅಳತೆ ತಾಳೆಯಾಗದ ಕಾಟಿ ಗೋಡೆಯಲ್ಲಿದ್ದರೆ ನಾವೇ ಕಳ್ಳಮಾಲು ಇಟ್ಟುಕೊಂಡ ಹಾಗೆ.

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಹೋಂವರ್ಕ್ ಪುಸ್ತಕ ಮರೆತು ಬಂದೆ ಎನ್ನುವ ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿಯುತ್ತೇನೆಂಬ ಜಂಬ ಬೇರೆ. ಒಂದು ಶನಿವಾರ ಶಾಲೆ ಬಿಟ್ಟವಳೇ ಅವರ ಮನೆಗೆ ಹೋದೆ.

"ನೀವು ಕೊಟ್ಟಿದ್ದೇ ಅದು ಟೀಚರಮ್ಮ" ಎಂದರು. ನಾನು ಬ್ಯಾಗಿನಿಂದ ಅಕ್ಕನ ಮದುವೆಯ ಫೋಟೋ ತೆಗೆದೆ. ಧಾರೆ ಸೀರೆಯ ಅಕ್ಕ, ಅವಳ ಹಿಂದೆ ಗೋಡೆಯಲ್ಲಿ ಮುಕ್ಕುಗೊಂಬಿನ ಕಾಟಿ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಕಾಫಿ ತರಲು ಹೇಳಿದರು. ಗೆದ್ದೆ ಎಂದುಕೊಂಡೆ.

ಚರ್ಮವನ್ನು ನೆನೆ ಹಾಕಿದಾಗ ಅದು ಹುಳ ತಿಂದ ಕಡೆಯೆಲ್ಲ ನೆನೆದ ಹಪ್ಪಳದ ಹಾಗೆ ಕಿತ್ತು ಬಂತಂತೆ. ಹೇಳಲು ಮುಖವಿಲ್ಲದೆ, ರಿಪೇರಿಗೆ ಬಿಟ್ಟು ಊರು ತೊರೆದ ಇನ್ಯಾರದೋ ತಲೆಯನ್ನು ನಮಗೆ ಕಳಿಸಿದ್ದರು. "ನಲವತ್ತು ವರ್ಷದ ಕಸುಬು, ಕೆಡಿಸಿದೆ ಅನ್ನೋಕೆ ಬಾಯಿ ಬರಲಿಲ್ಲ" ಎಂದರು. ನನಗೆ ರೇಗಿತು. ದೂರು ಕೊಟ್ಟರೆ ಅವರ ಲೈಸೆನ್ಸ್ ಹೋಗುತ್ತಿತ್ತು, ಹಾಗೆಂದು ಬಾಯಿಬಿಟ್ಟೂ ಹೇಳಿದೆ. ಅವರು ಉತ್ತರ ಕೊಡದೆ ಏಣಿ ಹಾಕಿ ಅಟ್ಟ ಹತ್ತಿದರು. ಹಳೆ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ಎದೆಗೆ ಒತ್ತಿಕೊಂಡು ಇಳಿದರು.

ನಮ್ಮ ಕಾಟಿಯ ಕೊಂಬು, ಅವು ಕೂತ ತಲೆಮೂಳೆ. ಎಡತುದಿಯ ಮುಕ್ಕು ಹಾಗೇ ಇತ್ತು. ಮಾಡಿಸಿದ ತಲೆಗಳಲ್ಲಿ ಪ್ರಾಣಿಯದೇ ಎಂದು ಇರುವುದು ಮೇಲಿನ ಚರ್ಮ, ಕೊಂಬು, ಅದರ ಬುಡದ ಮೂಳೆ ಇಷ್ಟೇ ಎಂದು ನನಗೆ ಅಂದೇ ತಿಳಿದದ್ದು. ಉಳಿದದ್ದೆಲ್ಲ ಅಚ್ಚು, ಗಾಜು, ಬಣ್ಣ. ಮಾರಿಕೊಳ್ಳಬಹುದಿತ್ತು, ಮಾರಿರಲಿಲ್ಲ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಮೂಳೆಯನ್ನು ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ, ಕತ್ತು ಸೇರುವ ಕಡೆ, ಬೆರಳು ಹಿಡಿಯುವಷ್ಟು ಒಂದು ತೂತು.

"ಇದೇನು?"

"ಗುಂಡು ಹೊಕ್ಕಿದ್ದು" ಎಂದರು. ಸ್ವಲ್ಪ ತಡೆದು, "ಹಿಂದಿನಿಂದ" ಎಂದರು.

ಹಣೆಯಲ್ಲಿ ಒಂದು ಗೀರೂ ಇರಲಿಲ್ಲ. ಕಾಟಿ ನುಗ್ಗಿ ಬಂದಿರಲಿಲ್ಲ. ಬೆನ್ನು ತಿರುಗಿಸಿ ಹೋಗುತ್ತಿತ್ತು. ಅಪ್ಪಯ್ಯ ನನಗೆ ಹೇಳಿದ ಕತೆಯನ್ನು ಅಜ್ಜ ಅಪ್ಪಯ್ಯನಿಗೆ ಹೇಳಿದ್ದರು. ಎದುರಿಗಿದ್ದವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ.

ಉಳಿದದ್ದೆಲ್ಲ ಬೇಗ ಮುಗಿಯಿತು. ಬೇರೆಯವರ ತಲೆಯನ್ನು ಅವರಿಗೇ ವಾಪಸು ಕಳಿಸಿದೆವು. ಮುಂಗಡದ ಹಣಕ್ಕೆ ಬದಲಾಗಿ ಬೀಟೆ ಹಲಗೆಯ ಮೇಲೆ ಕೊಂಬು ಕೂರಿಸಿಕೊಟ್ಟರು. ಚರ್ಮ ಹಾಳಾದದ್ದನ್ನು ಬರವಣಿಗೆಯಲ್ಲಿ ಕೊಟ್ಟು, ಅಪ್ಪಯ್ಯನ ಜೊತೆ ಅರಣ್ಯ ಕಚೇರಿಗೂ ಬಂದರು. ಕಚೇರಿ ಮೆಟ್ಟಿಲಿನಲ್ಲಿ ಇಬ್ಬರೂ ಒಂದೇ ಡಬ್ಬಿಯಿಂದ ನಶ್ಯ ಏರಿಸಿದರಂತೆ. ಆ ಕೊಂಬು ಈಗ ತಮ್ಮನ ಹೆಸರಿನಲ್ಲಿದೆ. 2003ರ ತಿದ್ದುಪಡಿಯ ಮೇಲೆ ಇಂಥವನ್ನು ಮಾರುವಂತಿಲ್ಲ, ವಾರಸುದಾರರಿಗೆ ಬರಬಹುದು ಅಷ್ಟೆ.

ಕೊಂಬು ಮನೆಗೆ ಬಂದ ದಿನ ಅಪ್ಪಯ್ಯ ಅದನ್ನು ಗೋಡೆಗೆ ಏರಿಸುವ ಮೊದಲು ಮಡಿಲಲ್ಲಿಟ್ಟುಕೊಂಡು ಸವರಿದರು. ಹಿಂದಿನ ತೂತಿಗೆ ಬೆರಳು ತಾಗಿತು.

"ಇಲ್ಲೂ ಹುಳ ತಿಂದಿದೆಯೇನೇ?"

"ಹೌದು ಅಪ್ಪಯ್ಯ" ಎಂದೆ.

ಅವರು ನನ್ನ ಮುಖ ನೋಡಿದರು. ಏನೂ ಹೇಳದೆ, ತೂತು ಗೋಡೆಯ ಕಡೆಗೆ ಬರುವಂತೆ ಅದನ್ನು ಮೊಳೆಗೆ ಸಿಕ್ಕಿಸಿದರು. ಅಮ್ಮ ಕುಂಕುಮದ ಭರಣಿ ಹಿಡಿದು, ಮೂಳೆಯಲ್ಲಿ ಹಣೆ ಯಾವುದೆಂದು ಹುಡುಕುತ್ತಿದ್ದಳು.