ಒತ್ತಿ ನೋಡುವ ಸುಖ

ಕಾಲಿನ ಡಾಪ್ಲರ್ ಎಂದರೆ ಮುಖ ಸಿಂಡರಿಸುವ ಸ್ಕ್ಯಾನಿಂಗ್ ಡಾಕ್ಟರುಗಳೇ ಹೆಚ್ಚು. ಹೊಟ್ಟೆಯದಾದರೆ ಪಿತ್ತಕೋಶ, ಮೂತ್ರಪಿಂಡ ಎಂದು ಬೇಗ ಮುಗಿದುಹೋಗುತ್ತದೆ. ಕಾಲಿನಲ್ಲಿ ತೊಡೆಸಂದಿಯಿಂದ ಹಿಮ್ಮಡಿಯವರೆಗೆ ಅಂಗುಲ ಅಂಗುಲವಾಗಿ ಇಳಿಯಬೇಕು. ಒಂದು ಮುಗಿಯಿತು ಎನ್ನುವಾಗ ಇನ್ನೊಂದು ಕಾಲು ಕಾದಿರುತ್ತದೆ. ಅರಸೀಕೆರೆಯಲ್ಲಿ ನೆಲೆನಿಂತು, ವಾರಕ್ಕೊಮ್ಮೆ ಬೇಲೂರಿಗೂ ಹೋಗಿಬರುವ ನನಗೆ ಮಾತ್ರ, ಚೀಟಿಯಲ್ಲಿ ‘ಎರಡೂ ಕಾಲು’ ಎಂದು ಬರೆದಿದ್ದರೆ ಆ ದಿನ ಹಬ್ಬ.

ಬರುವವರಿಗೆ ಮೊದಲು ಅನುಮಾನ. ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿ. ಗೋಡೆಯ ಮೇಲೆ, 1994ರ ಕಾಯಿದೆಯಂತೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಬೇರೆ. ಕಾಲನ್ನಷ್ಟೇ ನೋಡಿದರೂ ಯಂತ್ರ ಆ ಕಾಯಿದೆಯಡಿ ನೋಂದಣಿಯಾಗಿರಲೇಬೇಕು. ಅದು ಇದ್ದಲ್ಲೇ ಇರುತ್ತದೆ, ಓಡಾಡುವವನು ನಾನು. ಒಬ್ಬ ಅಜ್ಜಿ ಆ ಫಲಕವನ್ನು ಮೊಮ್ಮಗಳ ಕೈಲಿ ಓದಿಸಿಕೊಂಡು, “ಅಲ್ಲ ಕಣಪ್ಪ ಡಾಕ್ಟ್ರೇ, ನನ್ ಕಾಲು ಗಂಡೋ ಹೆಣ್ಣೋ ಅಂತಾನೂ ಹೇಳಂಗಿಲ್ವಾ?” ಎಂದು ಕೇಳಿ ಇಡೀ ಕೋಣೆಯನ್ನು ನಗಿಸಿದ್ದರು.

ಈ ಪರೀಕ್ಷೆಯಲ್ಲಿ ಕಣ್ಣಿಗಿಂತ ಕೈ ಮುಖ್ಯ. ತೊಡೆಸಂದಿಯಲ್ಲಿ ಜೆಲ್ ಸವರಿ ಪ್ರೋಬ್ ಇಟ್ಟರೆ ತೆರೆಯ ಮೇಲೆ ಒಂದು ದೊಡ್ಡ ಕಪ್ಪು ವೃತ್ತ, ಅದರ ತಲೆಯ ಮೇಲೆ ಎರಡು ಚಿಕ್ಕವು ಕಾಣುತ್ತವೆ. ನಮ್ಮ ವೃತ್ತಿಯವರು ಇದನ್ನು ಮಿಕ್ಕಿ ಮೌಸ್ ಎನ್ನುತ್ತಾರೆ. ಮುಖ ಕಾಲಿನ ಒಳ ಅಭಿಧಮನಿ. ಒಂದು ಕಿವಿ ಅಪಧಮನಿ, ಇನ್ನೊಂದು ಚರ್ಮದಡಿಯಲ್ಲೇ ಪಾದದವರೆಗೆ ಚಾಚಿಕೊಂಡಿರುವ ಉದ್ದದ ಅಭಿಧಮನಿ. ಯಾವುದು ಯಾವುದೆಂದು ತಿಳಿಯಲು ಮೆಲ್ಲಗೆ ಒತ್ತಿದರೆ ಸಾಕು. ಅಪಧಮನಿ ಜಗ್ಗುವುದಿಲ್ಲ, ಮಿಡಿಯುತ್ತಲೇ ಇರುತ್ತದೆ. ಅಭಿಧಮನಿಯ ಗೋಡೆಗಳು ಕೂಡಿಕೊಂಡು ವೃತ್ತವೇ ಮಾಯ. ಒತ್ತಿದರೂ ಅದು ಮುಚ್ಚದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದೇ ಲೆಕ್ಕ. ಹೊಸ ಹೆಪ್ಪು ಕೆಲವೊಮ್ಮೆ ಹರಿಯುವ ರಕ್ತದಷ್ಟೇ ಕಪ್ಪಾಗಿದ್ದು ಕಣ್ಣಿಗೆ ಮೋಸ ಮಾಡುತ್ತದೆ. ಬೆರಳಿಗೆ ಮಾಡಲಾರದು. ಆದ್ದರಿಂದಲೇ ಎರಡೆರಡು ಸೆಂಟಿಮೀಟರಿಗೊಮ್ಮೆ ಒತ್ತುತ್ತಾ, ಬಿಡುತ್ತಾ ಇಳಿಯುವುದು. ಒತ್ತದಿರುವಾಗ ಪ್ರೋಬ್ ಜೆಲ್ಲಿನ ಮೇಲೆ ತೇಲುತ್ತಿರಬೇಕು. ಕೈ ಕೊಂಚ ಭಾರವಾದರೂ ನೋಡಬೇಕಾದ್ದೇ ಮುಚ್ಚಿಹೋಗುತ್ತದೆ. ಈ ಹಗುರವನ್ನು ಕೈಗೆ ಕಲಿಸುವುದಕ್ಕೆ ವರ್ಷಗಳೇ ಬೇಕು, ಕಲಿತ ಮೇಲೆ ಅದರ ರುಚಿ ಬಿಡುವುದಿಲ್ಲ.

ಒತ್ತಿ ನೋಡುವ ಈ ವಿದ್ಯೆಗೆ ದೊಡ್ಡ ವಂಶಾವಳಿಯಿದೆ. ಪಡುವಾದ ಫ್ಯಾಬ್ರಿಷಿಯಸ್ 1603ರಲ್ಲಿ ಅಭಿಧಮನಿಗಳ ಕವಾಟಗಳ ಬಗ್ಗೆ ಪುಸ್ತಕ ಬರೆದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ, ಕಟ್ಟು ಬಿಗಿದ ತೋಳಿನ ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಒತ್ತಿ, ರಕ್ತ ಹೃದಯದ ಕಡೆಗಷ್ಟೇ ಸಾಗುತ್ತದೆ, ಕವಾಟ ಅದನ್ನು ಹಿಂದಕ್ಕೆ ಬಿಡುವುದಿಲ್ಲ ಎಂದು ತೋರಿಸಿದ. ಹಾರ್ವೆಯ ಬಳಿ ಯಂತ್ರವಿರಲಿಲ್ಲ, ನನ್ನ ಬಳಿ ಇದೆ. ಒತ್ತುವುದು ಮಾತ್ರ ಅದೇ.

ಇನ್ನು ಬಣ್ಣದ ಆಟ. ಡಾಪ್ಲರ್ ಎಂದರೇನೆಂದು ಅರಸೀಕೆರೆಯವರಿಗೆ ಪಾಠ ಮಾಡಬೇಕಿಲ್ಲ, ಜಂಕ್ಷನ್ ಇರುವ ಊರು. ನಿಲ್ಲದೆ ಹಾದುಹೋಗುವ ರೈಲಿನ ಸಿಳ್ಳು ಹತ್ತಿರ ಬರುವಾಗ ಚೂಪಾಗಿ, ನಮ್ಮನ್ನು ದಾಟಿದ ಕೂಡಲೇ ದಪ್ಪಗಾಗುವುದನ್ನು ಪ್ಲಾಟ್‌ಫಾರಮ್ಮಿನಲ್ಲಿ ಎಲ್ಲರೂ ಕೇಳಿದ್ದಾರೆ. ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್‌ನಲ್ಲಿ ಈ ತತ್ತ್ವ ಮಂಡಿಸಿದಾಗ ಅವನ ತಲೆಯಲ್ಲಿದ್ದದ್ದು ನಕ್ಷತ್ರಗಳ ಬಣ್ಣ. ಮೂರು ವರ್ಷದ ಮೇಲೆ ಹಾಲೆಂಡಿನ ಬೈಸ್ ಬ್ಯಾಲಟ್ ರೈಲಿನ ಮೇಲೆ ಕಹಳೆಯವರನ್ನು ಕೂರಿಸಿ ಊದಿಸಿ, ಅದನ್ನು ಶಬ್ದದಲ್ಲಿ ಪರೀಕ್ಷಿಸಿದ. ನನ್ನ ಯಂತ್ರವೂ ಅದನ್ನೇ ಮಾಡುತ್ತದೆ: ಪ್ರೋಬಿನ ಕಡೆಗೆ ಬರುವ ರಕ್ತಕ್ಕೆ ಒಂದು ಬಣ್ಣ, ದೂರ ಹೋಗುವುದಕ್ಕೆ ಇನ್ನೊಂದು. ಕೆಂಪು, ನೀಲಿ ಎಂಬುದು ಯಂತ್ರ ಹಚ್ಚಿದ್ದೇ ಹೊರತು ರಕ್ತದ್ದಲ್ಲ.

ಕವಾಟ ಸೋತಿದೆಯೇ ಎಂದು ನೋಡಲು ರೋಗಿಯನ್ನು ನಿಲ್ಲಿಸಬೇಕು, ಅದೂ ಒಂದು ಭಂಗಿಯಲ್ಲಿ: ಮೈಭಾರವೆಲ್ಲ ಒಂದು ಕಾಲಿಗೆ, ಪರೀಕ್ಷಿಸುವ ಕಾಲು ಸಡಿಲ, ಮಂಡಿ ತುಸು ಬಾಗಿ, ಪಾದ ಹೊರಕ್ಕೆ. ಅರಸೀಕೆರೆಯಲ್ಲಿ ಇದನ್ನು ನಾನೇ ನಿಂತು ತೋರಿಸಬೇಕಾಗುತ್ತದೆ. ಬೇಲೂರಿನಲ್ಲಿ “ಶಿಲಾಬಾಲಿಕೆ ಥರ ನಿಂತ್ಕೊಳ್ಳಮ್ಮ” ಎಂದರೆ ಸಾಕು, ಕಾಫಿ ತೋಟದಿಂದ ಬಂದ ಹೆಂಗಸೂ ನಾಚಿಕೊಂಡೇ ಸರಿಯಾಗಿ ನಿಲ್ಲುತ್ತಾಳೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ 42 ಮದನಿಕೆಯರು. ಅವರಲ್ಲಿ ಬಹಳ ಮಂದಿ ನಿಂತಿರುವುದು ಹೀಗೇ ಒಂದು ಕಾಲ ಭಾರದಲ್ಲಿ. ಅವರದು ಸೊಬಗಿಗೆ, ನನ್ನವರದು ಸ್ನಾಯು ಸಡಿಲವಾಗಿ ರಕ್ತ ಕೆಳಗೆ ತುಂಬಿಕೊಳ್ಳಲಿ ಎಂದು. ಆಮೇಲೆ ಮೀನಖಂಡವನ್ನು ಅದುಮಿ ಬಿಡುತ್ತೇನೆ. ಅದುಮಿದಾಗ ರಕ್ತ ಮೇಲಕ್ಕೆ ನುಗ್ಗಿ ತೆರೆ ನೀಲಿಯಾಗುತ್ತದೆ. ಬಿಟ್ಟಾಗ ಕವಾಟ ಚೆನ್ನಾಗಿದ್ದರೆ ತಕ್ಷಣ ಕಪ್ಪು. ಕೆಂಪು ಕಾಣಿಸಿಕೊಂಡು ಅರ್ಧ ಸೆಕೆಂಡಿಗಿಂತ ಹೆಚ್ಚು ಉಳಿದರೆ ಕವಾಟ ಸೋತಿದೆ. ವರ್ಷಗಟ್ಟಲೆ ಬ್ಯಾಂಡೇಜು ಸುತ್ತಿದರೂ ಮಾಯದ, ಕಣಕಾಲ ಒಳಬದಿಯ ಹುಣ್ಣಿನ ಮೂಲ ಎಷ್ಟೋ ಸಲ ಆ ಅರ್ಧ ಸೆಕೆಂಡಿನಲ್ಲಿ ಸಿಗುತ್ತದೆ. ಹೊಟ್ಟೆಯ ಸ್ಕ್ಯಾನಿನಲ್ಲಿ ರೋಗಿ ಸುಮ್ಮನೆ ಮಲಗಿರುತ್ತಾನೆ. ಇಲ್ಲಿ ಅವನು ನಿಲ್ಲಬೇಕು, ಉಸಿರು ಹಿಡಿದು ಮುಕ್ಕಬೇಕು, ಪಾದ ಆಡಿಸಬೇಕು. ಅರ್ಧ ಪರೀಕ್ಷೆ ಅವನೇ ಮಾಡುತ್ತಾನೆ.

ನಿಂತು ದುಡಿಯುವವರೇ ನನ್ನ ಬಳಿ ಹೆಚ್ಚು: ಕೊಬ್ಬರಿ ಮಂಡಿಯ ಹಮಾಲಿಗಳು, ಕಂಡಕ್ಟರುಗಳು, ಮೇಷ್ಟ್ರುಗಳು, ಹೋಟೆಲಿನ ಅಡುಗೆಯವರು. ಒಮ್ಮೆ ಹಳೇಬೀಡಿನ ಗೈಡ್ ಒಬ್ಬರು ಬಂದರು. ದಿನವಿಡೀ ಬರಿಗಾಲಲ್ಲಿ ಹೊಯ್ಸಳೇಶ್ವರನ ಜಗತಿಯ ಮೇಲೆ ನಿಂತು ಕತೆ ಹೇಳುವವರು. ಅಂದು ಅವರು ಪ್ರವಾಸಿ, ನಾನು ಗೈಡ್. ತೆರೆಯನ್ನು ಅವರ ಕಡೆ ತಿರುಗಿಸಿ ಚರ್ಮ, ಕೊಬ್ಬು, ಅದರಡಿಯ ಬಿಳಿ ಪೊರೆ, ಸ್ನಾಯು, ಮೂಳೆ ಎಂದು ಒಂದೊಂದಾಗಿ ತೋರಿಸಿದೆ. “ಪಟ್ಟಿಕೆ ಪಟ್ಟಿಕೆಯಾಗೇ ಇದೆಯಲ್ಲ ಸಾರ್, ನಮ್ಮ ಗುಡಿ ಥರ!” ಎಂದರು. “ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ. ನಿಮ್ಮಲ್ಲಿ ಆನೆ ಯಾವುದು?” ಮೂಳೆ ಎಂದೆ. ಒಪ್ಪಿದರು. ಉಬ್ಬಿದ ನರದ ಬಳಿ ಬಂದಾಗ, “ಇದು ಯಾವ ಕಾಲದ್ದು ಸಾರ್?” ಎಂದು ಪ್ರವಾಸಿಗರ ಪ್ರಶ್ನೆಯನ್ನೇ ನನಗೆ ಹಾಕಿದರು.

ಕೊನೆಗೆ ಹಾಳೆಯ ಮೇಲೆ ಕಾಲಿನ ನಕ್ಷೆ ಬರೆಯುವುದು ನನಗೆ ಅಚ್ಚುಮೆಚ್ಚು: ಎಲ್ಲಿ ಕವಾಟ ಸೋತಿದೆ, ಎಲ್ಲಿ ಕವಲು ಸೇರುತ್ತದೆ, ಎಷ್ಟು ಮಿಲಿಮೀಟರು ಅಗಲ. ಲೇಸರ್ ಹಿಡಿಯುವ ಸರ್ಜನ್ ಈ ಗೆರೆಗಳನ್ನು ನಂಬಿಯೇ ಹೊರಡುತ್ತಾರೆ. ಗೈಡ್ ಮಹಾಶಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಬೇಲೂರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಬ್ಬರೂ ತಾವು ಕಡೆದದ್ದರ ಕೆಳಗೆ ಹೆಸರು ಕೆತ್ತವ್ರೆ. ನೀವೂ ಹಾಕಿ ಸಾರ್” ಎಂದರು.

ಹಾಕಿದೆ. ಮೊಹರನ್ನೂ ಒತ್ತಿ ಕೊಟ್ಟೆ.